ನಲಿ-ಕಲಿ ಮಕ್ಕಳಿಗೆ ವಿಜ್ಞಾನ, ಓದು-ಬರಹ ಎರಡೂ ಒಟ್ಟಿಗೆ ಕಲಿಸಿದವರು ಇದ್ದೀರಾ?

ಸೀಮೆಸುಣ್ಣ:

ನಮಸ್ಕಾರ ಎಲ್ಲರಿಗೂ. ತುಮಕೂರು ಕಡೆ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ನನ್ನದು, ಅಂದ್ರೆ ಕಾರ್ಡು, ಚಟುವಟಿಕೆ ಮೂಲಕ ಕಲಿಸೋ ತರಗತಿ. ಒಂದು, ಎರಡು, ಮೂರನೇ ತರಗತಿ ಎಲ್ಲಾ ಒಂದೇ ಕೋಣೆಯಲ್ಲಿ. ಕನ್ನಡ, ಗಣಿತ ಅಂತ ಓಡಾಡಿ ಮುಗಿಸುವಷ್ಟರಲ್ಲಿ ಪರಿಸರ ಅಧ್ಯಯನಕ್ಕೆ ಉಳಿಯೋದು ಕೊನೆಯ ಅರ್ಧ ಗಂಟೆ, ಅದೂ ಮಕ್ಕಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲು ನೋಡುವ ಹೊತ್ತು.

ಕಷ್ಟ ಏನಂದ್ರೆ, 'ಬೇರು, ಕಾಂಡ, ಎಲೆ' ಅಂತ ಕಾರ್ಡು ನೋಡಿ ಮುದ್ದಾಗಿ ಬರೆಯುತ್ತಾರೆ. ಅಂಗಳದಲ್ಲಿ ಒಂದು ಗರಿಕೆ ಕಿತ್ತು ಕೈಗೆ ಕೊಟ್ಟು, ಇದರಲ್ಲಿ ಕಾಂಡ ತೋರಿಸು ಅಂದ್ರೆ ನನ್ನ ಮುಖ ನೋಡುತ್ತಾರೆ. ಹವಾಮಾನ ನಕ್ಷೆಯದೂ ಅದೇ ಕಥೆ. ಹೊರಗೆ ಮೋಡ ಕವಿದಿರುತ್ತೆ, ನಿನ್ನೆ 'ಬಿಸಿಲು' ಅಂತ ಬರೆದಿದ್ರು ಅಂತ ಇವತ್ತೂ 'ಬಿಸಿಲು'.

ಎರಡನ್ನೂ ಸೇರಿಸಿ ಮಾಡೋದು ಹೇಗೆ ಅಂತ ಕೇಳಬೇಕಿತ್ತು. ಪ್ರಯೋಗ ಮಾಡಿಸಿ ಆಮೇಲೆ ಅದರ ಬಗ್ಗೆ ಐದು ವಾಕ್ಯ ಬರೆಸಿ ಅಂತ ಮಾತ್ರ ಹೇಳಬೇಡಿ. ಹಾಗೆ ಮಾಡಿದ್ರೆ ಮಕ್ಕಳಿಗೆ ಪ್ರಯೋಗಾನೂ ಬೇಡ ಅನ್ನಿಸಿಬಿಡುತ್ತೆ. ಇನ್ನೂ ಅಕ್ಷರ ಬಾರದ ಒಂದನೇ ತರಗತಿಯವರೂ ಸೇರಿಕೊಳ್ಳುವಂತಿರಬೇಕು. ದುಡ್ಡು ಖರ್ಚಾಗಬಾರದು.

ಕರಿಬೇವು:

ಮಿಸ್, ಶಾಲೆ ಹತ್ತಿರ ನಿಂಬೆ ಗಿಡ ಅಥವಾ ಕರಿಬೇವು ಇದೆಯಾ? ಇದ್ರೆ ಅರ್ಧ ಕೆಲಸ ಮುಗೀತು. ಮಳೆ ಬಿದ್ದು ಚಿಗುರು ಬಂದಾಗ ಎಳೆ ಎಲೆ ಮೇಲೆ ಹುಡುಕಿ, ಸಾಸಿವೆಗಿಂತ ಚಿಕ್ಕದಾದ ತಿಳಿ ಹಳದಿ ಮೊಟ್ಟೆ ಸಿಗುತ್ತೆ. ನಿಂಬೆ ಚಿಟ್ಟೆಯದು. ಕೆಲವು ದಿನಕ್ಕೆ ಮರಿ ಹುಳ ಹೊರಗೆ ಬರುತ್ತೆ. ಶುರುವಿನಲ್ಲಿ ಅದು ಕಂದು ಬಿಳಿ ಬಣ್ಣ, ನೋಡೋಕೆ ಥೇಟ್ ಹಕ್ಕಿ ಹಿಕ್ಕೆ. ಹಕ್ಕಿಗಳು ತಿನ್ನದೇ ಇರಲಿ ಅಂತ ಆ ವೇಷ. ದೊಡ್ಡದಾಗ್ತಾ ಹಸಿರು ಬಣ್ಣಕ್ಕೆ ತಿರುಗುತ್ತೆ. ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿದ್ರೆ ತಲೆ ಹಿಂದಿನಿಂದ ಕೆಂಪಗಿನ ಕವಲುಕೊಂಬು ಚಾಚಿ ಕೆಟ್ಟ ವಾಸನೆ ಬಿಡುತ್ತೆ. ಮಕ್ಕಳಿಗೆ ಇದಕ್ಕಿಂತ ಖುಷಿ ಇನ್ನೇನು ಬೇಕು.

ನಮ್ಮ ಕ್ಲಾಸಿನಲ್ಲಿ ಎಲೆ ತಂದಿಟ್ಟಾಗ ಒಬ್ಬ, "ಮಿಸ್, ಬರೀ ಹಿಕ್ಕೆ ಇದೆ" ಅಂದ. ಸ್ವಲ್ಪ ಹೊತ್ತಿಗೆ ಅವನೇ "ಅಯ್ಯೋ, ಹಿಕ್ಕೆ ನಡೀತಾ ಇದೆ!" ಅಂತ ಕೂಗಿದ. ನಾನು ಅದನ್ನೇ ಗೋಡೆಯ ಕೆಳಗಿನ ಕಪ್ಪುಹಲಗೆ ಮೇಲೆ ಬರೆದೆ. 'ಹಿಕ್ಕೆ ನಡೀತಾ ಇದೆ.' ಕೆಳಗೆ ಅವನ ಹೆಸರು. ಒಂದನೇ ತರಗತಿಯ ಮಕ್ಕಳೂ ಹೋಗ್ತಾ ಬರ್ತಾ ಬೆರಳಿಟ್ಟು ಅದನ್ನ ಓದಿ ನಗೋರು.

ನಾನು ಮಾಡೋದು ಇಷ್ಟೇ. ಮೊದಲು ನೋಡೋದು, ಆಮೇಲೆ ಮಾತು. ಮಗು ಹೇಳಿದ್ದನ್ನು ಮಗು ಹೇಳಿದ ಹಾಗೇ ನಾನು ಬರೆಯುತ್ತೇನೆ, ನಮ್ಮ ಪುಸ್ತಕದ ಕನ್ನಡಕ್ಕೆ ತಿದ್ದೋಕೆ ಹೋಗಲ್ಲ. ತಾನು ಹೇಳಿದ ವಾಕ್ಯ ಅಂದ ಮೇಲೆ ಅದರಲ್ಲಿ ಏನಿದೆ ಅಂತ ಮಗುವಿಗೆ ಗೊತ್ತೇ ಇರುತ್ತೆ, ಹಾಗಾಗಿ ಓದೋಕೆ ಧೈರ್ಯ ಬರುತ್ತೆ. ಮರುದಿನ ಅದೇ ವಾಕ್ಯವನ್ನು ಹಳೇ ಕ್ಯಾಲೆಂಡರ್ ಹಿಂದೆ ಬರೆದು, ಪದ ಪದ ಕತ್ತರಿಸಿ ಕಲಸಿ ಕೊಡುತ್ತೇನೆ, ಜೋಡಿಸಬೇಕು. ಎರಡನೇ ತರಗತಿಯವರು ಚಿತ್ರ ಬರೆದು ಭಾಗಗಳಿಗೆ ಹೆಸರು ಹಾಕುತ್ತಾರೆ. ಮೂರನೇಯವರು ದಿನಕ್ಕೊಂದು ಸಾಲು, ನಿನ್ನೆಗೂ ಇವತ್ತಿಗೂ ಏನು ಬದಲಾಯ್ತು ಅಂತ. ಹುಳದ ಉದ್ದಕ್ಕೆ ದಾರ ಕತ್ತರಿಸಿ ಪಕ್ಕದಲ್ಲೇ ಅಂಟಿಸುತ್ತಾರೆ. ಅಲ್ಲಿಗೆ ಗಣಿತಾನೂ ಬಂತು.

ಹವಾಮಾನ ನಕ್ಷೆಗೆ ಒಂದು ಉಪಾಯ. 'ಇವತ್ತು ಹೇಗಿದೆ' ಅಂತ ಕೇಳಬೇಡಿ. ಬೆಳಗ್ಗೆ 'ಮಧ್ಯಾಹ್ನ ಊಟದ ಹೊತ್ತಿಗೆ ಮಳೆ ಬರುತ್ತಾ' ಅಂತ ಕೇಳಿ, 'ಬರುತ್ತೆ', 'ಬರಲ್ಲ' ಅಂತ ಎರಡು ಸಾಲು ಮಾಡಿ ಅವರವರ ಹೆಸರು ಅವರೇ ಬರೆಯಲಿ. ಯಾಕೆ ಹಾಗೆ ಅನ್ನಿಸ್ತು ಅಂತ ಒಬ್ಬರು ಹೇಳಲಿ. ಬಾಜಿ ಕಟ್ಟಿದ ಮೇಲೆ ಆಕಾಶ ನೋಡದೇ ಇರ್ತಾರಾ.

ಖಾರಮಂಡಕ್ಕಿ:

ಕೇಳೋಕೆ ಚೆನ್ನಾಗಿದೆ. ಆದ್ರೆ ಸ್ವಲ್ಪ ವಾಸ್ತವಕ್ಕೆ ಬರೋಣ. ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ 2021ರಲ್ಲಿ ಬಂತು, 2026-27ರ ಒಳಗೆ ಮೂರನೇ ತರಗತಿ ಮುಗಿಸೋ ಪ್ರತಿ ಮಗುವಿಗೂ ಓದು-ಬರಹ, ಲೆಕ್ಕ ಬರಬೇಕು ಅಂತ ಗುರಿ. ನಿಮಿಷಕ್ಕೆ ಕನಿಷ್ಠ 60 ಪದ, ಅದೂ ಅರ್ಥ ಮಾಡಿಕೊಂಡು. ಪರೀಕ್ಷೆ ಮಾಡೋಕೆ ಬರೋರು ಹುಳ ಎಷ್ಟು ಉದ್ದ ಇದೆ ಅಂತ ಕೇಳಲ್ಲ ಸ್ವಾಮಿ.

ಇನ್ನೊಂದು ವಿಷಯ. ಗುಣಿತಾಕ್ಷರ ಸರಿಯಾಗಿ ಬಾರದ ಮಗುವಿನ ಮುಂದೆ ಹಿಕ್ಕೆ, ಮೊಟ್ಟೆ, ಚಿಟ್ಟೆ ಅಂತ ಎಲ್ಲಾ ಒತ್ತಕ್ಷರವೇ ಇಟ್ಟರೆ ಹೇಗೆ? ಆ ಹುಡುಗ 'ಹಿಕ್ಕೆ ನಡೀತಾ ಇದೆ' ಅಂತ ಓದಿದ್ದಾನಾ ಅಥವಾ ಬಾಯಿಪಾಠ ಒಪ್ಪಿಸಿದ್ದಾನಾ? ಅದೇ ಅಕ್ಷರಗಳನ್ನು ಬೇರೆ ಪದದಲ್ಲಿ ಹಾಕಿ ಕೊಡಿ, ಆಗ ಗೊತ್ತಾಗುತ್ತೆ. ವಿಜ್ಞಾನ ಬೇಡ ಅಂತ ನಾನು ಹೇಳ್ತಿಲ್ಲ. ಓದು ಗಟ್ಟಿಯಾಗಲಿ, ನಾಲ್ಕನೇ ತರಗತಿಯಿಂದ ಬೇಕಾದಷ್ಟು ಮಾಡಲಿ.

ಹಳೇಮೇಷ್ಟ್ರು:

ಖಾರಮಂಡಕ್ಕಿಯವರ ಎರಡನೇ ಮಾತು ಸರಿ ಇದೆ. ಮೊದಲನೇದು ಒಪ್ಪೋಕಾಗಲ್ಲ.

ನಾನು ಮೈಸೂರು ಜಿಲ್ಲೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದಾಗ, ಅದಕ್ಕೆ ಮೊದಲು ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿಕೊಂಡು ಬಂದ ಶಿಕ್ಷಕರೇ ಕೂತು ಕಾರ್ಡು ಮಾಡಿದ್ದು. ಅಕ್ಷರಗಳನ್ನು ಅ ಆ ಇ ಈ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಅಂತ ಶುರು ಮಾಡೋದು ಯಾಕೆ? ನಾಲ್ಕಾರು ಅಕ್ಷರ ಬಂದ ಕೂಡಲೇ ಪದ ಓದೋಕೆ ಆಗಲಿ ಅಂತ ತಾನೆ? ಮುಂದೆ ಜ, ವ, ಮ, ಬ, ನ ಸೇರಿದ್ರೆ ಮರ, ದನ, ವನ, ಗರಗಸ ಎಲ್ಲಾ ಸಿಗುತ್ತೆ. ಹಾಗಾದ್ರೆ ಆ ವಾರ ಮರ ನೋಡಿ. ನಿಜವಾದ ಮರ. ತೊಗಟೆ ಮೇಲೆ ಹಾಳೆ ಇಟ್ಟು ಬಣ್ಣದ ಕಡ್ಡಿಯಲ್ಲಿ ಉಜ್ಜಿ ಅಚ್ಚು ತೆಗೆಸಿ, ಅದರ ಕೆಳಗೆ 'ಮರ' ಅಂತ ಬರೆಸಿ. ಬೇವಿನ ತೊಗಟೆಯ ಅಚ್ಚು, ಪೇರಲ ತೊಗಟೆಯ ಅಚ್ಚು ಪಕ್ಕ ಪಕ್ಕ ಇಟ್ಟರೆ ಒಂದು ಒರಟು, ಇನ್ನೊಂದು ನುಣುಪು ಅಂತ ಮಕ್ಕಳೇ ಹೇಳುತ್ತಾರೆ. ಆ ಎರಡು ಪದ ಇನ್ನೂ ಬರೆಯೋಕೆ ಬರಲ್ಲ, ಪರವಾಗಿಲ್ಲ, ಬಾಯಲ್ಲಿ ಬಂತಲ್ಲ.

ಅಕ್ಷರ ಅಭ್ಯಾಸಕ್ಕೆ ಬೇರೆ ಹೊತ್ತು ಇಡಲೇಬೇಕು, ಚಿಟ್ಟೆ ನೋಡಿಕೊಂಡು ಗುಣಿತಾಕ್ಷರ ತಾನಾಗೇ ಬರಲ್ಲ. ಆದ್ರೆ 60 ಪದದ ಜೊತೆಗೆ 'ಅರ್ಥ ಮಾಡಿಕೊಂಡು' ಅಂತಾನೂ ಇದೆ ಅಂತ ನೀವೇ ಬರೆದಿದ್ದೀರಿ. ಆ ಅರ್ಥ ಎಲ್ಲಿಂದ ಬರಬೇಕು? 'ಬೀಜ ಮೊಳಕೆ ಒಡೆಯಿತು' ಅಂತ ತಡವರಿಸದೆ ಓದುವ ಮಗು, ಮೊಳಕೆಯಲ್ಲಿ ಮೊದಲು ಹೊರಗೆ ಬರೋದು ಬೇರೋ ಎಲೆಯೋ ಅಂತ ನೋಡೇ ಇಲ್ಲದಿದ್ರೆ, ಅದು ಬರೀ ಸದ್ದು. ಹೆಸರುಕಾಳು ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಒಂದೆರಡು ದಿನದಲ್ಲಿ ಬೇರು ಬರುತ್ತೆ. ಗಾಜಿನ ಲೋಟದ ಒಳಗೋಡೆಗೆ ಒದ್ದೆ ಕಾಗದ ಸುತ್ತಿ ಕಾಳನ್ನು ಬೇಕೆಂದೇ ತಲೆಕೆಳಗು ಇಡಿ. ಬೇರು ಬಾಗಿ ಕೆಳಕ್ಕೇ ಹೋಗುತ್ತೆ. ಯಾಕೆ ಅನ್ನೋ ಪ್ರಶ್ನೆಯನ್ನ ಮಕ್ಕಳೇ ಕೇಳುತ್ತಾರೆ, ಆ ಪ್ರಶ್ನೆಯನ್ನೂ ಬರೆದು ತರಗತಿಯಲ್ಲಿ ಮಕ್ಕಳ ಕೆಲಸ ತೂಗುಹಾಕೋ ಚಪ್ಪರದ ದಾರಕ್ಕೆ ನೇತುಹಾಕಿ. ಬರೀ ಉತ್ತರಗಳನ್ನೇ ಯಾಕೆ ನೇತುಹಾಕಬೇಕು?

ನಾಲ್ಕನೇ ತರಗತಿವರೆಗೆ ಕಾಯಿರಿ ಅನ್ನೋದು ನನಗೆ ಸರಿ ಕಾಣಲ್ಲ. ಆ ಹೊತ್ತಿಗೆ ಮಗು ಕೇಳೋದನ್ನೇ ಬಿಟ್ಟಿರುತ್ತೆ.

ಭಾನುವಾರದ ಕನ್ನಡ ಕ್ಲಾಸ್:

ನಮ್ಮದು ಬೇರೆ ಥರದ ಪಾಡು, ಆದ್ರೂ ಬರೆಯುತ್ತೇನೆ. ಅಮೆರಿಕದಲ್ಲಿ ವಾರಕ್ಕೊಮ್ಮೆ ಕನ್ನಡ ಕಲಿಸುತ್ತೇವೆ. ಇಲ್ಲಿನ ಮಕ್ಕಳಿಗೆ ಕನ್ನಡ ಅಂದ್ರೆ ಅಜ್ಜಿ, ಹಬ್ಬ, ರಾಜನ ಕಥೆ, ಅಷ್ಟೇ. ವಿಜ್ಞಾನದ ಮಾತೆಲ್ಲ ಇಂಗ್ಲಿಷಿನಲ್ಲಿ. ಒಂದು ಸಲ ಬಕೆಟ್ ನೀರು ಇಟ್ಟು 'ತೇಲುತ್ತಾ, ಮುಳುಗುತ್ತಾ' ಆಟ ಆಡಿಸಿದ್ವಿ. ಕಿತ್ತಳೆ ಹಣ್ಣು ಸಿಪ್ಪೆ ಸಮೇತ ಹಾಕಿದ್ರೆ ತೇಲುತ್ತೆ, ಸುಲಿದು ಹಾಕಿದ್ರೆ ಮುಳುಗುತ್ತೆ. ಸುಲಿದ ಮೇಲೆ ಹಗುರ ಆಯ್ತಲ್ಲ, ಮತ್ಯಾಕೆ ಮುಳುಗ್ತು ಅಂತ ದೊಡ್ಡ ಜಗಳ. ಸಿಪ್ಪೆಯ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಜಾಗ ಇರುತ್ತೆ ಅಂತ ಕೊನೆಗೆ ಒಬ್ಬಳು ಹೇಳಿದ್ಳು, ಅರ್ಧ ಕನ್ನಡ ಅರ್ಧ ಇಂಗ್ಲಿಷು. ಅವತ್ತು ಮಾತಾಡಿದಷ್ಟು ಕನ್ನಡ ಅವರು ಕಥೆ ಹೇಳುವಾಗ ಮಾತಾಡಿದ್ದನ್ನ ನಾನು ಕೇಳಿಲ್ಲ.

ಪುಸ್ತಕ ಬೇಕಾದ್ರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ ನೋಡಿ. 2015ರಿಂದ ಇದೆ, ಕನ್ನಡದ್ದೂ ಸಿಗುತ್ತೆ, ಉಚಿತ. ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಓದಿನ ಹಂತ 1ರಿಂದ 4ರವರೆಗೆ ಬೇರೆ ಬೇರೆ. ಕ್ಲಾಸಿಗೆ ಒಯ್ಯೋ ಮೊದಲು ನೀವೇ ಒಮ್ಮೆ ಜೋರಾಗಿ ಓದಿ ನೋಡಿ, ನಾಲಗೆಗೆ ಸಲೀಸಾಗಿ ಬರೋದನ್ನೇ ಆರಿಸಿ.

ಸೀಮೆಸುಣ್ಣ:

ಎಲ್ಲರಿಗೂ ಥ್ಯಾಂಕ್ಸ್. ಕರಿಬೇವು ಗಿಡ ಅಡುಗೆ ಕೋಣೆ ಹಿಂದೆಯೇ ಇದೆ. ಅಡುಗೆಯವರು ಹುಳ ಕಂಡ್ರೆ ಕಿತ್ತು ಎಸೆಯುತ್ತಾರೆ, ಈ ಸಲ ಬಿಟ್ಟುಬಿಡಿ ಅಂತ ಹೇಳಿದ್ದೇನೆ. ಅವರಿಗೆ ನಗು.

ಎರಡು ಅನುಮಾನ. ಮಗು 'ಹುಳ' ಬದಲು 'ಉಳ' ಅಂತ ಬರೆದ್ರೆ ತಿದ್ದಬೇಕಾ? ನಮ್ಮ ಕಡೆ ಮಾತಲ್ಲಿ ಹಕಾರ ಹಾರಿಹೋಗುತ್ತೆ. ಇನ್ನೊಂದು, ಹುಳ ಸತ್ತುಹೋದ್ರೆ? ಹಲ್ಲಿ ಕಾಟ ಜಾಸ್ತಿ ಇಲ್ಲಿ.

ಖಾರಮಂಡಕ್ಕಿ:

ತಿದ್ದಲೇಬೇಕು ಮೇಡಂ. ಇವತ್ತು ಬಿಟ್ಟರೆ ಹೈಸ್ಕೂಲಿನವರೆಗೂ 'ಉಳ'ವೇ.

ಕರಿಬೇವು:

ತಿದ್ದಿ, ಆದ್ರೆ ಅವತ್ತೇ ಕೆಂಪು ಪೆನ್ನು ಬೇಡ. ನೋಡಿ ಬರೆದ ಸಾಲು ಹಾಗೇ ಇರಲಿ. ಅದರಲ್ಲಿ ಜಾಸ್ತಿ ಜನ ತಪ್ಪಿದ ಎರಡು ಪದ ಗುರುತು ಮಾಡಿಕೊಂಡು ಮರುದಿನದ ಕನ್ನಡ ಅವಧಿಗೆ ಅದನ್ನೇ ಪಾಠ ಮಾಡಿ. ಹುಳ, ಹಸಿರು, ಹಾರು, ಹೂವು ಒಟ್ಟಿಗೆ ಹಾಕಿ ಬಾಯಿ ಮುಂದೆ ಅಂಗೈ ಹಿಡಿದು ಹೇಳಿಸಿ. ಹಕಾರ ಬಂದ್ರೆ ಉಸಿರು ಅಂಗೈಗೆ ತಾಗುತ್ತೆ, ಒಂದನೇ ತರಗತಿಯವರೂ ಮಾಡುತ್ತಾರೆ. ಖಾರಮಂಡಕ್ಕಿಯವರು ಕೇಳಿದ ಪರೀಕ್ಷೆ ಕೂಡ ಆಗಲೇ ಮಾಡಿಬಿಡಿ. 'ಹಿಕ್ಕೆ' ಓದಿದವನಿಗೆ 'ಅಕ್ಕ', 'ಬೆಕ್ಕು' ಕೊಟ್ಟು ನೋಡಿ. ಬರಲಿಲ್ಲ ಅಂದ್ರೆ ಕ ಒತ್ತು ಮತ್ತೆ ಹಿಡ್ಕೊಳ್ಳಿ.

ಹಲ್ಲಿಗೆ ರಟ್ಟಿನ ಪೆಟ್ಟಿಗೆ ಸಾಕು. ಒಂದು ಬದಿ ಕತ್ತರಿಸಿ ಹಳೇ ಸೊಳ್ಳೆ ಪರದೆ ಅಂಟಿಸಿ, ಎಳೆ ಎಲೆ ದಿನಾ ಬದಲಾಯಿಸಿ, ಹಿಕ್ಕೆ ತೆಗೆದು ಪೆಟ್ಟಿಗೆ ಒಣಗಿರೋ ಹಾಗೆ ನೋಡಿಕೊಳ್ಳಿ. ಔಷಧಿ ಹೊಡೆದ ಗಿಡದ ಎಲೆ ಬೇಡವೇ ಬೇಡ. ಹುಳ ತಿನ್ನೋದು ಬಿಟ್ಟು ಕಡ್ಡಿಗೆ ಅಂಟಿಕೊಂಡು ಗೂಡಾದ ಮೇಲೆ ವಾರ ಹತ್ತು ದಿನದಲ್ಲಿ ಚಿಟ್ಟೆ ಬರುತ್ತೆ, ಚಳಿಗಾಲದಲ್ಲಿ ಇನ್ನೂ ತಡ. ಕೆಲವು ಸಲ ಚಿಟ್ಟೆ ಬರಲ್ಲ. ಗೂಡಿನಲ್ಲಿ ಸಣ್ಣ ತೂತು ಬಿದ್ದು ಪುಟಾಣಿ ಕಣಜಗಳು ಹೊರಗೆ ಬರುತ್ತವೆ, ಅವುಗಳ ತಾಯಿ ಮೊದಲೇ ಅದರೊಳಗೆ ಮೊಟ್ಟೆ ಇಟ್ಟಿರುತ್ತೆ. ಹಾಗಾದ್ರೆ ಪೆಟ್ಟಿಗೆ ಬಚ್ಚಿಡಬೇಡಿ ಮಿಸ್. ನಮ್ಮ ಮೂರನೇ ತರಗತಿಯವರು ಅತಿ ಉದ್ದ ಬರೆದಿದ್ದು ಅವತ್ತೇ. ಅರ್ಧ ಜನ ಕಣಜದ ಮೇಲೆ ಸಿಟ್ಟಿನಿಂದ, ಇನ್ನರ್ಧ ಅದು ಒಳಗೆ ಹೋಗಿದ್ದು ಯಾವಾಗ ಅಂತ.