ಪದಚರ್ಚೆ: ‘ದೊಡ್ಡ ಟೈರ್’ ಅಂದರೆ ಎತ್ತರವೋ, ಅಗಲವೋ? ಸಂಜೆಯೊಳಗೆ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಪಿಕಪ್ ಗಾಡಿಯ ಟೈರ್ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗಾಡಿ ಮಧ್ಯಮ ಗಾತ್ರದ್ದು. ಕಂಪನಿಯಿಂದ ಬಂದ ಟೈರ್ ತೆಗೆದು, ಕಲ್ಲು, ಕೆಸರು, ಮರಳಲ್ಲಿ ಓಡೋ ದೊಡ್ಡ ಟೈರ್ ಹಾಕಿಸಬೇಕು ಅನ್ನುವವರಿಗೆ ಬರೆದದ್ದು. ಜೊತೆಗೆ ಡ್ರೈವರ್ ಬಾಗಿಲ ಒಳಗೆ ಅಂಟಿಸುವ ಒಂದು ಚೀಟಿಯೂ ಇದೆ. ಕೈಪಿಡಿಗೆ ಇನ್ನೂ ಒಂದು ವಾರ ಟೈಮ್ ಇದೆ. ಚೀಟಿ ಮಾತ್ರ ಇವತ್ತು ಸಂಜೆಯೇ ಅಚ್ಚಿಗೆ ಹೋಗಬೇಕು.

ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ‘ದೊಡ್ಡ ಟೈರ್’ ಅಂತ ಬರೆದು ಮೂವರಿಗೆ ಓದಿಸಿದೆ. ಒಬ್ಬರು ಎತ್ತರದ ಟೈರ್ ಅಂದುಕೊಂಡರು. ಇನ್ನೊಬ್ಬರು ದಪ್ಪ ಟೈರ್, ಅಂದರೆ ಅಗಲ ಜಾಸ್ತಿ ಇರೋದು ಅಂದುಕೊಂಡರು. ಮೂರನೆಯವರು ರಿಮ್ಮೇ ದೊಡ್ಡದು ಅಂದುಕೊಂಡರು. ಇದು ಬರೀ ಮಾತಿನ ವ್ಯತ್ಯಾಸ ಅಲ್ಲ. ತಪ್ಪು ತಿಳಿದುಕೊಂಡು ತಂದ ಟೈರ್ ಗಾಡಿಗೆ ಕೂರೋದೇ ಇಲ್ಲ.

ಕೈಪಿಡಿಯ ಉದಾಹರಣೆ ಹೀಗಿದೆ. ಮೊದಲಿದ್ದ ಟೈರ್ 265/70 ಆರ್ 17. ಹೊಸದು 285/70 ಆರ್ 17. ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಕೊನೆಯದು ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ನಡುವಿನ 70 ಮಾತ್ರ ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ. ರಿಮ್ಮಿನ ಅಂಚಿನಿಂದ ಟೈರಿನ ಹೊರ ಅಂಚಿನ ತನಕ ಇರುವ ಗೋಡೆಯ ಎತ್ತರ, ಅಗಲದ ನೂರಕ್ಕೆ ಎಪ್ಪತ್ತು ಅಂತ ಅದರ ಅರ್ಥ. ಹಾಗಾಗಿ 70 ಬದಲಾಗದಿದ್ದರೂ ಗೋಡೆ 185.5 ಮಿಲಿಮೀಟರಿನಿಂದ 199.5ಕ್ಕೆ ಏರುತ್ತದೆ. ಇಡೀ ಟೈರ್ ಸುಮಾರು 803 ಇದ್ದದ್ದು 831 ಆಗುತ್ತದೆ. ಅಗಲ ಜಾಸ್ತಿ ಮಾಡಿದರೆ ಎತ್ತರವೂ ತಾನಾಗಿ ಜಾಸ್ತಿ ಆಗುತ್ತದೆ. ಇದನ್ನೆಲ್ಲ ಒಂದು ‘ದೊಡ್ಡ’ದಲ್ಲಿ ತುಂಬೋದು ಹೇಗೆ?

ಇನ್ನು ಆ ಗೋಡೆಗೆ ಏನು ಹೇಳಲಿ? ‘ಪಾರ್ಶ್ವಭಿತ್ತಿ’ ಅಂತ ಒಂದು ಕೋಶ ಕೊಡುತ್ತದೆ, ಬರೆಯೋಕೆ ನನಗೆ ಮನಸ್ಸು ಬರ್ತಿಲ್ಲ. ಟೈರ್ ಗಾಡಿಯ ಮೈಗೆ ತಾಗಿ ಸವೆಯೋದಕ್ಕೆ ಯಾವ ಕ್ರಿಯಾಪದ? ‘ಆಫ್-ರೋಡ್’ಗೆ ಏನಾದರೂ ಇದೆಯಾ? ‘ದಾರಿ ಬಿಟ್ಟ ಟೈರ್’ ಅಂತ ಬರೆದು ಆಮೇಲೆ ಹೊಡೆದುಹಾಕಿದೆ.

ದಯವಿಟ್ಟು ಬೇಗ ಹೇಳಿ.

ಉತ್ತರ 1

‘ದೊಡ್ಡ’ ತಪ್ಪಲ್ಲ. ಬಿಟ್ಟಿರೋದು ‘ಗಿಂತ’. ಕನ್ನಡದಲ್ಲಿ ಹೋಲಿಕೆ ಗುಣವಾಚಕದಲ್ಲಿ ಇರೋದಿಲ್ಲ, ಯಾವುದಕ್ಕಿಂತ ಅನ್ನೋದರಲ್ಲಿ ಇರುತ್ತದೆ. ‘ಕಂಪನಿ ಅಳತೆಗಿಂತ ಎತ್ತರ’ ಅಂತ ಬರೆಯಿರಿ, ಮುಗೀತು. ‘ದಾರಿ ಬಿಟ್ಟ’ ಹೊಡೆದುಹಾಕಿದ್ದು ಸರಿ. ದಾರಿ ಬಿಡೋದು, ದಾರಿ ತಪ್ಪೋದು ಮನುಷ್ಯರು. ಟೈರ್ ಅಲ್ಲ.

ಉತ್ತರ 2

ತಂಗೀ, ಪ್ರಶ್ನೆ ಕೇಳುವ ಮೊದಲೇ ನೀವು ಸೋತಿದ್ದೀರಿ. ‘ಟೈರ್’ ಅನ್ನು ಒಪ್ಪಿಕೊಂಡೇ ಶುರು ಮಾಡಿದ್ದೀರಲ್ಲ!

ಟೈರಿಗೆ ಕನ್ನಡದಲ್ಲಿ ಪದ ಇತ್ತು: ಹಳಿ. ಮರದ ಗಾಲಿಯ ಸುತ್ತ ಬಿಗಿಯುತ್ತಿದ್ದ ಕಬ್ಬಿಣದ ಪಟ್ಟಿ ಅದು. ಪಟ್ಟಿಯನ್ನು ಕೆಂಡದಲ್ಲಿ ಕಾಯಿಸುತ್ತಿದ್ದರು. ಕಾದ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಿದಾಗ ಗಾಲಿಯ ಮೇಲೆ ಇಳಿಸಿ ನೀರು ಹೊಯ್ಯುತ್ತಿದ್ದರು. ಅದು ಕುಗ್ಗಿ ಮರವನ್ನು ಹಲ್ಲು ಕಚ್ಚಿದ ಹಾಗೆ ಹಿಡಿಯುತ್ತಿತ್ತು. ನೆಲ ಮುಟ್ಟುವುದು ಅದು, ಸವೆಯುವುದು ಅದು, ಬದಲಿಸುವುದು ಅದು. ಇವತ್ತಿನ ಟೈರ್ ಮಾಡುವ ಕೆಲಸವೂ ಇದೇ. ಕಬ್ಬಿಣ ಹೋಗಿ ರಬ್ಬರ್ ಬಂದರೆ ಪದ ಯಾಕೆ ಹೋಗಬೇಕು? ಬಂಡಿ ನಮ್ಮದು, ಗಾಲಿ ನಮ್ಮದು, ಅಚ್ಚು, ಕೀಲು, ಗಾಲಿ ಕಳಚದ ಹಾಗೆ ಅಚ್ಚಿನ ತುದಿಗೆ ಚುಚ್ಚುವ ಕಡಾಣಿ ಎಲ್ಲ ನಮ್ಮವು. ಇಷ್ಟೆಲ್ಲ ಇಟ್ಟುಕೊಂಡು ಹೊರಗಿನ ಒಂದು ಪದದ ಮುಂದೆ ಕೈಯೊಡ್ಡುತ್ತೇವೆ. ನನಗೆ ಇದು ನಿಜಕ್ಕೂ ಸಂಕಟ.

ಬರೆಯಿರಿ: ‘ಹಿರಿಹಳಿ’. ಆಫ್-ರೋಡಿಗೆ ‘ಕಾಡುಹಳಿ’.

ಉತ್ತರ 3

ಹಳಿ ಅಂದರೆ ಇವತ್ತು ರೈಲು ಕಂಬಿ. ‘ಹಿರಿಹಳಿ ಹಾಕಿಸಿ’ ಅಂತ ಓದಿದವನು ಸ್ಟೇಷನ್ ಹುಡುಕಿಕೊಂಡು ಹೋಗಬೇಕಾಗುತ್ತದೆ. ಆಗಲ್ಲ.

ಉತ್ತರ 4

ನಾನು ಗ್ಯಾರೇಜಿನವನು. ಈ ಗುಂಪಲ್ಲಿ ಓದೋದೇ ಜಾಸ್ತಿ, ಬರೆಯೋದು ಕಡಿಮೆ. ಇವತ್ತು ಬರೆಯಲೇಬೇಕು ಅನಿಸಿತು.

ಗೋಡೆಗೆ ಪದ ಹುಡುಕಬೇಡಿ, ನಾವು ದಿನಾ ಹೇಳ್ತೀವಿ: ಪಕ್ಕೆ. ‘ಕಲ್ಲು ಹೊಡೆದು ಪಕ್ಕೆ ಸೀಳಿದೆ’, ‘ಪಕ್ಕೆ ಉಬ್ಬಿದೆ’. ಪಕ್ಕೆಲುಬಿನ ಪಕ್ಕೆಯೇ ಅದು. ಕೇಳಿದ ತಕ್ಷಣ ಯಾವ ಭಾಗ ಅಂತ ಗೊತ್ತಾಗುತ್ತದೆ, ಮೆತ್ತಗಿನ ಜಾಗ ಅನ್ನೋದೂ ಗೊತ್ತಾಗುತ್ತದೆ. ಅದಕ್ಕೆ ತೇಪೆ ನಿಲ್ಲಲ್ಲ ಅಂತ ಬೇರೆ ಹೇಳೋದೇ ಬೇಡ.

ತಾಗೋದು ಬೇರೆ, ಉಜ್ಜೋದು ಬೇರೆ. ದಯವಿಟ್ಟು ಎರಡನ್ನೂ ಇಟ್ಟುಕೊಳ್ಳಿ. ಒಂದು ಗಾಡಿಯ ವಿಷಯ ಹೇಳ್ತೀನಿ. ನಿಮ್ಮ ಕೈಪಿಡಿಯಲ್ಲಿರೋ ಅಳತೆಯೇ, 285/70. ಮಾಲೀಕರು ‘ಎಲ್ಲೂ ತಾಗಲ್ಲ’ ಅಂದರು. ನೇರ ನಿಂತಾಗ ನಿಜ, ಬೆರಳು ತೂರುವಷ್ಟು ಜಾಗ ಇತ್ತು. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಹಿಂದಕ್ಕೆ ತೆಗೆಸಿದೆ. ಮುಂದಿನ ಚಕ್ರದ ಹಿಂಭಾಗದಿಂದ ಚರ್ ಅಂತ ಸದ್ದು. ಬಗ್ಗಿ ಟಾರ್ಚ್ ಹಾಕಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಮೇಲೆ ನಾಲ್ಕು ಬೆರಳಗಲ ಕಪ್ಪಗೆ ಹೊಳೀತಿತ್ತು, ಸಾಣೆ ಹಿಡಿದ ಹಾಗೆ. ಟೈರಿನ ಭುಜದಲ್ಲಿ, ಅಂದರೆ ಪಕ್ಕೆ ಶುರುವಾಗೋ ಅಂಚಿನಲ್ಲಿ, ರಬ್ಬರ್ ಉಬ್ಬುಗಳ ಮೂಲೆ ಸವೆದು ದುಂಡಗಾಗಿತ್ತು. ಅದು ಉಜ್ಜೋದು. ದಿನಾ ನಡೀತಾ ಇತ್ತು, ಅವರಿಗೆ ಕೇಳಿಸಿರಲಿಲ್ಲ ಅಷ್ಟೆ. ಗುಂಡಿಗೆ ಇಳಿದು ಸಸ್ಪೆನ್ಷನ್ ಪೂರ್ತಿ ಅಮುಕಿದಾಗ ಒಮ್ಮೆ ‘ಧಪ್’ ಅನ್ನುತ್ತಲ್ಲ, ಅದು ತಾಗೋದು. ಹಾಗಾಗಿ ಪರೀಕ್ಷೆ ಎರಡೂ ಸೇರಿಸಿ ಮಾಡಬೇಕು: ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ಸಮತಟ್ಟು ನೆಲದಲ್ಲಿ ನೋಡಿದರೆ ಏನೂ ಗೊತ್ತಾಗಲ್ಲ.

ಇನ್ನೊಂದು ಮಾತು. ಕೈಪಿಡಿಯಲ್ಲಿ ‘10 ಪ್ಲೈ’ ಬಂದೇ ಬರುತ್ತದೆ. ಅದನ್ನು ‘ಹತ್ತು ಪದರದ ಟೈರ್’ ಅಂತ ಮಾಡಬೇಡಿ. ಹಿಂದೆ ಹತ್ತಿ ನೂಲಿನ ಪದರ ಎಣಿಸುತ್ತಿದ್ದರು. ಈಗಿನ ರೇಡಿಯಲ್ ಟೈರಿನಲ್ಲಿ (ಅಳತೆಯಲ್ಲಿರೋ ‘ಆರ್’ ಅದೇ) ಹತ್ತು ಪದರ ಇರಲ್ಲ, ಆ ಬಲ ಇದೆ ಅಂತ ಮಾತ್ರ ಅರ್ಥ. ಹೊರುವ ಭಾರಕ್ಕೆ ಟೈರಿನ ಮೇಲೆ ಬೇರೆ ಅಂಕಿ ಇದೆ. 112 ಅಂದರೆ ಒಂದು ಟೈರ್ 1120 ಕೆಜಿ, 121 ಅಂದರೆ 1450 ಕೆಜಿ. ಅಳತೆ ದೊಡ್ಡದಾಯಿತು ಅಂತ ಭಾರವೂ ಜಾಸ್ತಿ ಹೊರುತ್ತದೆ ಅನ್ನೋ ಹಾಗಿಲ್ಲ. ಅಂಕಿ ಓದಲೇಬೇಕು.

ಆಫ್-ರೋಡಿಗೆ ನಮ್ಮಲ್ಲಿ ‘ಬಟನ್ ಟೈರ್’ ಅಂತಾರೆ. ಆದರೆ ಎ.ಟಿ.ಯೂ (ಆಲ್ ಟೆರೇನ್) ಬಟನ್, ಎಂ.ಟಿ.ಯೂ (ಮಡ್ ಟೆರೇನ್) ಬಟನ್. ನಿಮಗೆ ಅದು ಸಾಲಲ್ಲ.

ಉತ್ತರ 5

ಉಜ್ಜುವ ಮಾತು ಬಂದದ್ದರಿಂದ ಹೇಳುತ್ತೇನೆ. ‘ರಬ್ಬರ್’ ಅನ್ನುವ ಹೆಸರೇ ಉಜ್ಜುವುದರಿಂದ ಬಂದದ್ದು. ಪೆನ್ಸಿಲ್ ಗೆರೆ ಅಳಿಸಲು ಉಜ್ಜುತ್ತಿದ್ದ ವಸ್ತು, ಅದಕ್ಕೆ ಆ ಹೆಸರು. 1770ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಪ್ರೀಸ್ಟ್ಲಿ ಈ ಬಳಕೆಯನ್ನು ಬರೆದಿಟ್ಟ. ‘ಟೈರ್’ ಕೂಡ ಹಾಗೇ, ಉಡುಪು ಅನ್ನುವ ಅರ್ಥದ ‘ಅಟೈರ್’ ಪದದಿಂದ ಮೊಟಕಾದದ್ದು ಅನ್ನುತ್ತಾರೆ. ಗಾಲಿಗೆ ತೊಡಿಸಿದ್ದು. ಇಂಗ್ಲಿಷಿನಲ್ಲೂ ಅದು ಮೊದಲು ಕಬ್ಬಿಣದ ಪಟ್ಟಿಯೇ ಆಗಿತ್ತು, ಆಮೇಲೆ ರಬ್ಬರಿಗೆ ಬಂತು. ಅಂದಮೇಲೆ ಹಳಿಯ ಬಗ್ಗೆ ಉತ್ತರ 2ರ ಮೇಷ್ಟ್ರು ಹೇಳಿದ ತರ್ಕ ಸರಿಯೇ ಇದೆ. ಆದರೆ ಅವರ ಪದ ದಾರಿಯಲ್ಲಿ ರೈಲು ಹತ್ತಿಬಿಟ್ಟಿತು, ಇಂಗ್ಲಿಷಿನದ್ದು ಹತ್ತಲಿಲ್ಲ. ನುಡಿಯಲ್ಲಿ ಹೀಗೆಲ್ಲ ಆಗುತ್ತದೆ.

‘ಚಕ್ರ’ ಬಳಸುವವರು ಒಂದು ನೆನಪಿಡಿ. ಅದು ಸಂಸ್ಕೃತ. ಇಂಗ್ಲಿಷಿನ ‘ವೀಲ್’ ಮತ್ತು ಅದು ಒಂದೇ ಬೇರಿನಿಂದ ಬಂದವು. ‘ವೀಲ್’ ಬೇಡ ‘ಚಕ್ರ’ ಬೇಕು ಅನ್ನುವವರು ಅಕ್ಕನನ್ನು ಓಡಿಸಿ ತಂಗಿಯನ್ನು ಕರೆಯುತ್ತಿದ್ದಾರೆ.

ಉತ್ತರ 6

ಮೂಲ ಪ್ರಶ್ನೆ ಎಲ್ಲಿ ಹೋಯಿತು? ಅವರಿಗೆ ಸಂಜೆಗೆ ಬೇಕು.

ಪ್ರಶ್ನೆ ಕೇಳಿದವಳು

ಗ್ಯಾರೇಜಿನವರಿಗೆ ನಿಜವಾಗಿ ಕೈಮುಗಿಯುತ್ತೇನೆ. ‘ಪಕ್ಕೆ’ ಓದಿದ ಕೂಡಲೇ ಆರು ವಾಕ್ಯ ಸರಿಹೋದವು. ‘ಗಾಳಿ ಇಳಿಸಿದಾಗ ಪಕ್ಕೆ ಹೊರಗೆ ಉಬ್ಬುತ್ತದೆ, ಕಲ್ಲಿಗೆ ಸಿಕ್ಕಬಾರದು’ ಅಂತ ಬರೆದು ನೋಡಿದೆ. ‘ಪಾರ್ಶ್ವಭಿತ್ತಿ’ ಇಟ್ಟುಕೊಂಡು ಈ ವಾಕ್ಯ ಬರೆಯೋಕೇ ಆಗುತ್ತಿರಲಿಲ್ಲ.

ಆಫ್-ರೋಡಿಗೆ ‘ಒರಟು ನೆಲದ ಟೈರ್’ ಅಂತ ಇಟ್ಟಿದ್ದೇನೆ. ಎ.ಟಿ.ಗೆ ‘ಎಲ್ಲ ನೆಲದ ಟೈರ್’, ಎಂ.ಟಿ.ಗೆ ‘ಕೆಸರಿನ ಟೈರ್’. ಅಂಗಡಿಯಲ್ಲಿ ಕೇಳುವಾಗ ಬೇಕಾಗುತ್ತದೆ ಅಂತ ಎ.ಟಿ., ಎಂ.ಟಿ. ಪಕ್ಕದಲ್ಲೇ ಇವೆ.

ಈಗ ಇನ್ನೊಂದು. ಚೀಟಿಯ ಕೊನೆಯ ಸಾಲು, ಹೆಚ್ಚುವರಿ ಚಕ್ರವೂ ಇದೇ ಅಳತೆಯದಿರಬೇಕು ಅಂತ. ನಾನು ‘ಸ್ಟೆಪ್ನಿ’ ಅಂತ ಬರೆದಿದ್ದೇನೆ. ತಪ್ಪಾ?

ಉತ್ತರ 7 (ಉತ್ತರ 2 ಬರೆದವರು)

ತಪ್ಪು. ‘ಬದಲಿ ಗಾಲಿ’ ಅನ್ನಿ. ಎಷ್ಟು ಸರಳವಾಗಿದೆ. ಒಂದು ಟೈರ್, ಒಂದು ರಿಮ್, ಒಂದು ಸ್ಟೀರಿಂಗ್, ಒಂದು ಸಸ್ಪೆನ್ಷನ್, ಈಗ ಸ್ಟೆಪ್ನಿ. ಕನ್ನಡ ಕೈಪಿಡಿ ಅಂತೀರಿ. ಅದರಲ್ಲಿ ಕನ್ನಡ ಉಳಿದಿರೋದು ವಿಭಕ್ತಿ ಪ್ರತ್ಯಯದಲ್ಲಿ ಮಾತ್ರ.

ಉತ್ತರ 8 (ಉತ್ತರ 5 ಬರೆದವರು)

ವಿಭಕ್ತಿ ಪ್ರತ್ಯಯದಲ್ಲಿ ಉಳಿದರೆ ಅದೇ ಕನ್ನಡ, ಮೇಷ್ಟ್ರೇ. ಟೈರಿನ, ಟೈರಿಗೆ, ಟೈರಿನಿಂದ. ಈ ‘ಇನ’ ಹತ್ತಿದ ದಿನವೇ ಪದ ನಮ್ಮ ಮನೆಗೆ ಬಂತು. ‘ರಸ್ತೆ’ ಪಾರಸಿಯದು. ಗಾಡಿಯ ‘ಚಾವಿ’ ಪೋರ್ಚುಗೀಸರದು. ಅವನ್ನು ಯಾರೂ ಹೊರಗೆ ಹಾಕಿ ಅನ್ನೋದಿಲ್ಲ.

‘ಸ್ಟೆಪ್ನಿ’ಯನ್ನಂತೂ ಮುಟ್ಟಬೇಡಿ. ವೇಲ್ಸ್‌ನ ಲನೆಲ್ಲಿ ಊರಲ್ಲಿ ಸ್ಟೆಪ್ನಿ ಅಂತ ಒಂದು ಬೀದಿ ಇದೆ. ಆಗಿನ ಮೋಟಾರುಗಳಿಗೆ ಬದಲಿ ಚಕ್ರ ಇರುತ್ತಿರಲಿಲ್ಲ. 1904ರಲ್ಲಿ ಡೇವೀಸ್ ಅನ್ನುವವರು ಅಲ್ಲಿ ಒಂದು ಬದಲಿ ಚಕ್ರ ಮಾಡಿದರು, ಬೀದಿಯ ಹೆಸರೇ ಅದಕ್ಕೆ ಬಂತು. ಇವತ್ತು ಇಂಗ್ಲಿಷರು ಆ ಪದ ಬಳಸೋದಿಲ್ಲ, ಹೇಳಿದರೆ ಅರ್ಥವೂ ಆಗಲ್ಲ. ನಮ್ಮ ಡ್ರೈವರುಗಳು ಉಳಿಸಿಕೊಂಡಿದ್ದಾರೆ. ಕೊಟ್ಟವರೇ ಮರೆತ ಪದ ಇನ್ನೂ ಸಾಲವಾ?

ಉತ್ತರ 9 (ಉತ್ತರ 2 ಬರೆದವರು)

ಒಂದು ಪದ ಒಳಗೆ ಬರುವಾಗ ನಮ್ಮದೊಂದು ಸಾಯುತ್ತದೆ. ಅದನ್ನು ನೀವು ಲೆಕ್ಕಕ್ಕೆ ತಗೊಳ್ತಾ ಇಲ್ಲ. ‘ಕಡಾಣಿ’ ಅಂದರೆ ಇವತ್ತು ಎಷ್ಟು ಮಂದಿಗೆ ಗೊತ್ತು? ನಾನು ಹಟಕ್ಕೆ ಹೇಳುತ್ತಿಲ್ಲ. ಇಲ್ಲದ ಕಡೆ ಸಾಲ ತನ್ನಿ, ಇದ್ದ ಕಡೆ ತರಬೇಡಿ. ‘ಪಕ್ಕೆ’ ಇತ್ತು, ಸಿಕ್ಕಿತು. ಹುಡುಕಿದ್ದರಿಂದ ಸಿಕ್ಕಿತು. ‘ಸೈಡ್‌ವಾಲ್’ ಅಂತ ಸುಮ್ನೆ ಬರೆದಿದ್ದರೆ ಸಿಗುತ್ತಿತ್ತೇ?

ಉತ್ತರ 10 (ಗ್ಯಾರೇಜಿನವರು)

ಮೇಷ್ಟ್ರ ಆ ಮಾತು ನನಗೂ ಒಪ್ಪಿಗೆ. ಆದರೆ ಸ್ಟೆಪ್ನಿ ಇರಲಿ ಸಾರ್. ರಾತ್ರಿ ಪಂಕ್ಚರ್ ಆದಾಗ ಓದೋ ಚೀಟಿ ಅದು.

ಯಾಕೆ ಒಂದೇ ಅಳತೆ ಅನ್ನೋದನ್ನೂ ಬರೆಯಿರಿ, ಇಲ್ಲದಿದ್ದರೆ ಯಾರೂ ಮಾಡಲ್ಲ. ಗಾಡಿಯ ಕೆಳಗೆ ಹಳೇ ಸ್ಟೆಪ್ನಿಯನ್ನೇ ಬಿಟ್ಟಿರ್ತಾರೆ, ಹೊಸದು ಅಲ್ಲಿ ಕೂರಲ್ಲ ಅಂತ. ಒಂದು ಚಕ್ರ ಗಿಡ್ಡ ಆದರೆ ಅದು ಜಾಸ್ತಿ ಸುತ್ತು ಸುತ್ತಬೇಕು. ಫೋರ್ ವೀಲ್ ಹಾಕಿದಾಗ, ಅಂದರೆ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವಾಗ, ಮುಂದಿನದು ಹಿಂದಿನದು ಒಂದಕ್ಕೊಂದು ಬಿಗಿದಿರುತ್ತದೆ, ಗಟ್ಟಿ ನೆಲದಲ್ಲಿ ಆ ಎಳೆದಾಟ ಎಲ್ಲ ಗೇರಿನ ಮೇಲೆ ಬೀಳುತ್ತದೆ.

ಪ್ರಶ್ನೆ ಕೇಳಿದವಳು

ಚೀಟಿ ಹೀಗಿದೆ. ಅರ್ಧ ಗಂಟೆ ಇದೆ.

‘ಈ ಗಾಡಿಯ ಟೈರ್ ಕಂಪನಿ ಅಳತೆಗಿಂತ ಎತ್ತರ, ಅಗಲ ಎರಡೂ ಜಾಸ್ತಿ: 285/70 ಆರ್ 17. ಮೀಟರ್ 100 ತೋರಿಸುವಾಗ ಗಾಡಿ 103.5ರಲ್ಲಿ ಓಡುತ್ತಿದೆ. ಸ್ಟೆಪ್ನಿಯೂ ಇದೇ ಅಳತೆಯದಿರಲಿ. ಬೇರೆ ಅಳತೆಯದಾದರೆ ಫೋರ್ ವೀಲ್ ಹಾಕಬೇಡಿ.’

ಉತ್ತರ 11 (ಗ್ಯಾರೇಜಿನವರು)

‘ಓಡುತ್ತಿದೆ’ ಬೇಡ. ಮೀಟರ್ ನಿಜಕ್ಕಿಂತ ಕಡಿಮೆ ತೋರಿಸಬಾರದು ಅನ್ನೋ ನಿಯಮ ಎಷ್ಟೋ ದೇಶಗಳಲ್ಲಿದೆ. ಅದಕ್ಕೇ ಬಹಳ ಕಂಪನಿಗಳು ಮೊದಲೇ ಸ್ವಲ್ಪ ಜಾಸ್ತಿ ತೋರಿಸೋ ಹಾಗೆ ಇಟ್ಟಿರ್ತಾವೆ. ಎತ್ತರದ ಟೈರ್ ಆ ಅಂತರ ತಿನ್ನುತ್ತದೆ. ಸರಿಯಾಗಿ 103.5 ಅಂತ ಯಾರೂ ಹೇಳೋಕಾಗಲ್ಲ.

ಉತ್ತರ 12 (ಉತ್ತರ 1 ಬರೆದವರು)

ಮತ್ತೆ ‘ಗಿಂತ’ ಬಿಟ್ಟಿದ್ದೀರಿ. ‘ಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು ಮೂರೂವರೆ ಕಿಲೋಮೀಟರ್ ಜಾಸ್ತಿ ವೇಗದಲ್ಲಿರುತ್ತದೆ.’ ಇದು ಯಾವ ಮೀಟರಿಗೂ ನಿಜ.

ಪ್ರಶ್ನೆ ಕೇಳಿದವಳು

ಹಾಗೇ ತಿದ್ದಿ ಕಳಿಸಿದೆ. ‘ಪಕ್ಕೆ’ಯ ಕೆಳಗೆ ಕೈಪಿಡಿಯಲ್ಲಿ ಒಂದು ಚಿತ್ರ ಹಾಕಿಸುತ್ತೇನೆ. ಮೇಷ್ಟ್ರೇ, ಹಳಿ ಕಾಯಿಸಿ ಕೂರಿಸುವುದನ್ನು ನೀವು ಬರೆದಿದ್ದೀರಲ್ಲ, ಆ ನಾಲ್ಕು ಸಾಲನ್ನು ಟೈರ್ ಅಧ್ಯಾಯದ ಮೊದಲಿಗೆ ಹಾಕಿಕೊಳ್ಳಲಾ?

ಉತ್ತರ 13 (ಉತ್ತರ 2 ಬರೆದವರು)

ಹಾಕಿಕೊಳ್ಳಿ. ‘ಹಳಿ’ ಅನ್ನೋ ಪದ ಮಾತ್ರ ದಪ್ಪ ಅಕ್ಷರದಲ್ಲಿರಲಿ.