ಸ್ಪ್ರೇಯರ್ ಬ್ಯಾಟರಿ ಕಟ್ಟುವಾಗ ಸೆಲ್ ಮೇಲೆ ನೇರವಾಗಿ ಬೆಸುಗೆ ಹಾಕಬಹುದಾ?

ಪ್ರಶ್ನೆ: ಸರ್, ಔಷಧಿ ಹೊಡೆಯುವ ಸ್ಪ್ರೇಯರ್‌ನ 12 ವೋಲ್ಟ್ ಬ್ಯಾಟರಿ ಹೋಗಿದೆ. ಒಂಬತ್ತು 18650 ಲಿಥಿಯಂ ಸೆಲ್ ತಂದು ನಾನೇ ಪ್ಯಾಕ್ ಕಟ್ಟುತ್ತಿದ್ದೇನೆ. ಮೂರು ಪ್ಯಾರಲಲ್, ಮೂರು ಸೀರೀಸ್. 25 ವ್ಯಾಟ್ ಐರನ್ ಇದೆ. ಸೆಲ್ ತಳಕ್ಕೆ ಹಾಕಿದ ವೈರ್ ಸ್ವಲ್ಪ ಎಳೆದರೂ ಕಿತ್ತು ಬರುತ್ತದೆ. ಐರನ್ ಇನ್ನೂ ಜಾಸ್ತಿ ಹೊತ್ತು ಹಿಡಿಯಬೇಕಾ?

ಉತ್ತರ: ಬೇಡ, ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಸೆಲ್ ಅಂದರೆ ಉಕ್ಕಿನ ಡಬ್ಬಿ, ಐರನ್ ಬಿಸಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಅದಕ್ಕೇ ಬೆಸುಗೆ ಹಿಡಿಯದೆ ಡ್ರೈ ಸೋಲ್ಡರ್ ಆಗುತ್ತಿದೆ. ಮಾಮೂಲಿ ಬೆಸುಗೆ ಲೆಡ್ (ತವರ-ಸೀಸದ ತಂತಿ) ಕರಗುವುದು 183 ಡಿಗ್ರಿ ಆಸುಪಾಸಿನಲ್ಲಿ. ಸೆಲ್ ಒಳಗೆ ಪ್ಲಸ್ ಮೈನಸ್ ತಾಗದಂತೆ ತಡೆಯುವ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದಲ್ಲ, ಅದು ಹೆಚ್ಚಾಗಿ 130 ಡಿಗ್ರಿಗೇ ಕರಗುತ್ತದೆ. ಹಾಳೆ ಹೋದರೆ ಒಳಗೇ ಶಾರ್ಟ್, ಆಮೇಲೆ ಬೆಂಕಿ.

ಸೆಲ್‌ಗಳಿಗೆ ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡಿಸಿ, ಅಂದರೆ ಕ್ಷಣ ಮಾತ್ರ ಕರೆಂಟ್ ಹಾಯಿಸಿ ಪಟ್ಟಿ ಅಂಟಿಸುವುದು. ಪ್ಯಾರಲಲ್ ಮಾಡುವ ಮೊದಲು ಸೆಲ್‌ಗಳ ವೋಲ್ಟೇಜ್ ಒಂದೇ ಇದೆಯಾ ನೋಡಿ. ಪ್ಲಸ್ ಬದಿಗೆ ಪೇಪರ್ ರಿಂಗ್ ಮರೆಯಬೇಡಿ, ಅದರ ಸುತ್ತಲಿನ ಅಂಚೂ ಮೈನಸ್ಸೇ.

ನಿಮ್ಮ ಬೆಸುಗೆ ಕೆಲಸ ಪಟ್ಟಿಯ ತುದಿಯಲ್ಲಿ, ಸೆಲ್‌ನಿಂದ ದೂರ. ವೆಲ್ಡಿಂಗ್‌ಗೆ ಮೊದಲೇ ಆ ತುದಿಗೆ ವೈರ್ ಹಾಕಿಟ್ಟರೆ ಇನ್ನೂ ಒಳ್ಳೆಯದು. 60 ವ್ಯಾಟ್ ಐರನ್ ತೆಗೆದುಕೊಳ್ಳಿ. ದೊಡ್ಡ ಐರನ್ ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ, ಸಣ್ಣದು ಸುಮ್ನೆ ಕಾಯಿಸುತ್ತಾ ಕೂರುತ್ತದೆ. ವೈರಿಗೂ ಪಟ್ಟಿಗೂ ಮೊದಲು ಬೇರೆ ಬೇರೆ ಲೆಡ್ ಹಚ್ಚಿ, ಆಮೇಲೆ ಕೂಡಿಸಿ. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್ ರೋಸಿನ್‌ದೇ ಸಾಕು. ಆಸಿಡ್ ಫ್ಲಕ್ಸ್ ಜಾಯಿಂಟನ್ನು ತಿಂದುಹಾಕುತ್ತದೆ.

ಸ್ಪ್ರೇಯರ್ ಬೆನ್ನ ಮೇಲೆ ಅಲುಗಾಡುತ್ತಲೇ ಇರುತ್ತದೆ, ಅಲ್ವಾ? ಲೆಡ್ ಹೀರಿ ಗಟ್ಟಿಯಾದ ವೈರ್ ಆ ಅಂಚಿನಲ್ಲೇ ತುಂಡಾಗುತ್ತದೆ. ಸ್ಲೀವ್ ಹಾಕಿ, ವೈರನ್ನು ಪ್ಯಾಕಿಗೆ ಬಿಗಿಯಾಗಿ ಕಟ್ಟಿ.

ಪ್ರಶ್ನೆ: ಈಗಾಗಲೇ ಎರಡು ಸೆಲ್‌ಗೆ ಚೆನ್ನಾಗಿ ಕಾಯಿಸಿಬಿಟ್ಟಿದ್ದೇನೆ ಸರ್. ಮೀಟರ್‌ನಲ್ಲಿ 3.7 ತೋರಿಸುತ್ತಿದೆ. ಬಳಸಬಹುದಾ?

ಉತ್ತರ: ಬಳಸಬೇಡಿ. ಹಾಳೆಗೆ ಪೆಟ್ಟಾಗಿದ್ದರೂ ಮೀಟರ್ ಸರಿಯಾಗೇ ತೋರಿಸಬಹುದು. ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ನಾನೂ ಕಲಿಯುವಾಗ ಸೆಲ್ ಕಳೆದುಕೊಂಡವನೇ. ದುಡ್ಡು ಹೋಗಲಿ, ಪ್ಯಾಕ್ ಇರುವುದು ನಿಮ್ಮ ಬೆನ್ನಿಗೆ.

ಪ್ರಶ್ನೆ: ಆಯ್ತು ಸರ್, ಬೇರೆ ತರುತ್ತೇನೆ. ಹಳೇ ಚಾರ್ಜರ್ ನಡೆಯುತ್ತಾ?

ಉತ್ತರ: ಹಳೆಯದು ಲೆಡ್ ಆಸಿಡ್ ಬ್ಯಾಟರಿಯದಾದರೆ ಬೇಡ, ಅದು 14 ವೋಲ್ಟ್ ದಾಟಬಹುದು. ನಿಮ್ಮ ಪ್ಯಾಕ್ 12.6ಕ್ಕೇ ತುಂಬುತ್ತದೆ. 12.6 ವೋಲ್ಟಿನ ಲಿಥಿಯಂ ಚಾರ್ಜರ್ ತನ್ನಿ, ಜೊತೆಗೆ ಮೂರು ಸೀರೀಸಿನ ಬಿಎಂಎಸ್ (ಸೆಲ್‌ಗಳನ್ನು ಅತಿ ಚಾರ್ಜ್‌ನಿಂದ ಕಾಯುವ ಸಣ್ಣ ಬೋರ್ಡ್) ಹಾಕಿ. ಬಿಎಂಎಸ್‌ಗೆ ವೈರ್ ಕೂಡಿಸುವ ಮೊದಲು ಒಂದು ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.