ಬಾಯಿಯಿಂದ ಮದ್ದು ತುಂಬುವ ಕೋವಿ: 100 ಗಜ ದಾಟಿದರೆ ಗುಂಡು ಕುಸಿಯುತ್ತಿದೆ. ಮದ್ದು ಹೆಚ್ಚಿಸಲೇ, ಸೈಟ್ (ಗುರಿ ಹಿಡಿಯಲು ನಳಿಗೆಯ ಮೇಲಿರುವ ಸಾಧನ) ಏರಿಸಲೇ?

ಕಿತ್ತಳೆತೋಟ:

ಎಲ್ಲರಿಗೂ ನಮಸ್ಕಾರ. ಊರು ವಿರಾಜಪೇಟೆ ಕಡೆ, ಈಗಿರುವುದು ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ. ಈ ವರ್ಷದ ಲಾಟರಿ ಡ್ರಾದಲ್ಲಿ ಸೆಪ್ಟೆಂಬರಿನ ಮಝಲ್‌ಲೋಡರ್ (ಬಾಯಿಯಿಂದ ಮದ್ದು ತುಂಬುವ ಕೋವಿ) ಸೀಸನ್ನಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಪರವಾನಗಿ ಸಿಕ್ಕಿದೆ. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವನು, ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದವನು. ಆದರೆ ಇಷ್ಟು ದೂರದ ಲೆಕ್ಕ ನನಗೆ ಹೊಸದು.

ಕೋವಿ .50 ಕ್ಯಾಲಿಬರ್ (ನಳಿಗೆಯ ಒಳವ್ಯಾಸ ಅರ್ಧ ಇಂಚು), ಇನ್‌ಲೈನ್ ಎಂಬ ಆಧುನಿಕ ಮಾದರಿ. ನಳಿಗೆಯ ಒಳತಿರುವು (ಗುಂಡನ್ನು ತಿರುಗಿಸುವ ಸುರುಳಿ ಗೀರು) 28 ಇಂಚಿಗೆ ಒಂದು ಸುತ್ತು. 90 ಗ್ರೇನ್ (ಗ್ರಾಮಿಗೆ ಸುಮಾರು 15 ಗ್ರೇನ್) ಪೈರೊಡೆಕ್ಸ್ ಎಂಬ, ಕರಿಮದ್ದಿಗೆ ಬದಲಿಯಾದ ಪುಡಿ, ಅಳತೆ ಕೊಳವೆಯಲ್ಲಿ ಅಳೆದದ್ದು. ಮೇಲೆ 385 ಗ್ರೇನ್ ತೂಕದ ಸೀಸದ ಉದ್ದ ಗುಂಡು. ವೇಗ ಅಳೆಯುವ ಯಂತ್ರ ಸೆಕೆಂಡಿಗೆ 1,400 ಅಡಿಯ ಆಸುಪಾಸು ತೋರಿಸುತ್ತದೆ. 50 ಗಜಕ್ಕೆ ಸೈಟ್ ಕೂಡಿಸಿದ್ದೇನೆ, ಅಲ್ಲಿ ಗುಂಡು ನಡುವಿಗೇ ಬೀಳುತ್ತದೆ. 100 ಗಜದಲ್ಲಿ ಐದು ಇಂಚು ಕೆಳಗೆ. 150ರಲ್ಲಿ ಕಾಗದದ ಮೇಲೆ ತೂತೇ ಇಲ್ಲ, ಅಡಿಯ ಮಣ್ಣು ಹಾರುತ್ತದೆ.

ಕಚೇರಿಯ ಗೆಳೆಯನೊಬ್ಬ ಬೇರೆ ರಾಜ್ಯದಲ್ಲಿ ಜಿಂಕೆ ಬೇಟೆಗೆ ಹೋಗುವವನು. “ಮದ್ದನ್ನು 120ಕ್ಕೆ ಏರಿಸು, ಇಲ್ಲವೇ ಪ್ಲಾಸ್ಟಿಕ್ ಸೇಬೊ (ಸಣ್ಣ ಗುಂಡಿನ ಸುತ್ತ ಹಾಕುವ ಕವಚ) ತೊಡಿಸಿದ 250 ಗ್ರೇನ್ ಗುಂಡು ಹಾಕು, ಸ್ಕೋಪ್ (ದುರ್ಬೀನು) ಕೂಡಿಸು” ಎನ್ನುತ್ತಾನೆ. ಅನುಭವವಿರುವ ಅಣ್ಣಂದಿರು ಯಾರಾದರೂ ದಾರಿ ತೋರಿಸಬೇಕು.

ಮುದಿಕಡವೆ:

ತಮ್ಮ, ಮೊದಲು ಗೆಳೆಯನ ಮಾತನ್ನು ಪಕ್ಕಕ್ಕಿಡು. ಅವನ ರಾಜ್ಯದಲ್ಲಿ ಅದು ಸರಿಯಿರಬಹುದು. ಕೊಲೊರಾಡೊದ ಮಝಲ್‌ಲೋಡರ್ ಸೀಸನ್ನಿನಲ್ಲಿ ಸೇಬೊ ನಿಷಿದ್ಧ, ಸ್ಕೋಪ್ ನಿಷಿದ್ಧ, ಗುಳಿಗೆಯಾಗಿ ಒತ್ತಿದ ಮದ್ದೂ ನಿಷಿದ್ಧ. ಹೊಗೆರಹಿತ ಮದ್ದಿನ ಮಾತಂತೂ ಎತ್ತಲೇಬೇಡ. ಅದು ಕಾನೂನಿಗೆ ಮಾತ್ರವಲ್ಲ, ನಿನ್ನ ಕೈಬೆರಳುಗಳಿಗೂ ಸಂಬಂಧಿಸಿದ ವಿಷಯ. ಬ್ಯಾಟರಿ ಇರುವ ಯಾವ ಸೈಟೂ ಕೂಡದು. ಫೈಬರ್ ಆಪ್ಟಿಕ್ ಮಣಿಗೆ ಅಡ್ಡಿಯಿಲ್ಲ. ಎಲ್ಕ್‌ಗೆ .50 ಕ್ಯಾಲಿಬರ್‌ಗಿಂತ ಕಡಿಮೆ ನಡೆಯುವುದಿಲ್ಲ, ಅದು ನಿನ್ನಲ್ಲಿ ಇದೆ. ಪುಡಿ ಮದ್ದು, ಸೀಸದ ಭಾರೀ ಗುಂಡು, ತೆರೆದ ಸೈಟ್: ನೀನು ಈಗಾಗಲೇ ಇಟ್ಟುಕೊಂಡಿರುವುದೇ ಸರಿಯಾದ ಸಾಮಾನು.

ಇನ್ನು 120 ಗ್ರೇನಿನ ಆಸೆ. 385 ಗ್ರೇನಿನ ಗುಂಡಿಗೆ ಮದ್ದು ಸುರಿಯುತ್ತ ಹೋದರೆ ಸೆಕೆಂಡಿಗೆ ನೂರು ಅಡಿ ಹೆಚ್ಚು ಸಿಗಬಹುದು ಎಂದಿಟ್ಟುಕೊಳ್ಳೋಣ. 100 ಗಜಕ್ಕೆ ಸೈಟ್ ಕೂಡಿಸಿದ ಮೇಲೆ 150ರಲ್ಲಿ ಅದರಿಂದ ಉಳಿಯುವುದು ಒಂದೂವರೆ ಇಂಚೂ ಅಲ್ಲ. ಅದಕ್ಕೆ ನೀನು ಕೊಡುವ ಬೆಲೆ ಭುಜಕ್ಕೆ ಬೀಳುವ ಗುದ್ದು, ಆ ಗುದ್ದಿನ ಭಯಕ್ಕೆ ಟ್ರಿಗರ್ ಎಳೆಯುವಾಗ ಮುಚ್ಚುವ ಕಣ್ಣು, ಮೆದು ಸೀಸದ ಬುಡ ಬೆಂಕಿಗೆ ಕೆಟ್ಟು ಗುಂಡು ಅಂಗೈಯಗಲದಿಂದ ತಟ್ಟೆಯಗಲಕ್ಕೆ ಚದುರುವುದು. ನಿನ್ನ ಕೋವಿಯ ಕೈಪಿಡಿಯಲ್ಲಿ ಈ ತೂಕದ ಗುಂಡಿಗೆ ಗರಿಷ್ಠ ಮದ್ದು ಎಷ್ಟೆಂದು ಬರೆದಿರುತ್ತದೆ. ಅದು ಲಕ್ಷ್ಮಣರೇಖೆ. ಅದರೊಳಗೆ 80ರಿಂದ ಶುರುಮಾಡಿ ಐದೈದು ಗ್ರೇನ್ ಏರಿಸುತ್ತ, ಪ್ರತಿ ಅಳತೆಗೂ ಮೂರು ಗುಂಡು ಕಾಗದಕ್ಕೆ ಹೊಡೆ. ಎಲ್ಲಿ ಮೂರೂ ಒಟ್ಟಿಗೆ ಕೂರುತ್ತವೆಯೋ ಅಲ್ಲೇ ನಿಲ್ಲಿಸು. ಮದ್ದು ಮತ್ತು ಗುಂಡಿನ ನಡುವೆ ಎಣ್ಣೆ ಹಚ್ಚಿದ ಉಣ್ಣೆಯ ಬಿಲ್ಲೆಯೊಂದನ್ನು ಹಾಕಿ ನೋಡು. ಗುಂಡಿನ ಬುಡ ಕಾಪಾಡಲು ಅದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಮುಂದೆ ಪೈರೊಡೆಕ್ಸ್ ಬಿಟ್ಟು ಟ್ರಿಪಲ್ ಸೆವೆನ್ ಎಂಬ ಇನ್ನೊಂದು ಮದ್ದು ಹಿಡಿದೆಯಾದರೆ ಅದೇ ಕೊಳವೆಯಲ್ಲಿ ಅದೇ ಅಳತೆ ತುಂಬಬೇಡ. ಅದರ ಬಿರುಸು ಜಾಸ್ತಿ, ಶೇ 15ರಷ್ಟು ಕಡಿಮೆ ಮಾಡಿ ಆರಂಭಿಸಬೇಕು.

ಈಗ ಸೈಟ್. ನಿನ್ನ ತಾಪತ್ರಯ ಇರುವುದು ಇಲ್ಲಿ. ಈ ಗುಂಡನ್ನು 50 ಗಜಕ್ಕೆ ಕೂಡಿಸುವುದೆಂದರೆ ಅದನ್ನು 50 ಗಜಕ್ಕೇ ಕಟ್ಟಿಹಾಕಿದಂತೆ. 100 ಗಜಕ್ಕೆ ಕೂಡಿಸು. ಆಗ ನಿನ್ನ ವೇಗಕ್ಕೆ ಗುಂಡಿನ ದಾರಿ ಹೆಚ್ಚುಕಡಿಮೆ ಹೀಗಿರುತ್ತದೆ: 50ರಲ್ಲಿ ಎರಡೂವರೆ ಇಂಚು ಮೇಲೆ, 75ರಲ್ಲಿ ಎರಡು ಇಂಚು ಮೇಲೆ, 125ರಲ್ಲಿ ನಾಲ್ಕು ಇಂಚು ಕೆಳಗೆ, 150ರಲ್ಲಿ ಹತ್ತು ಇಂಚು ಕೆಳಗೆ, 175ರಲ್ಲಿ ಹದಿನೆಂಟು. ಈ ಕೊನೆಯ ಅಂಕಿಗಳನ್ನು ಇನ್ನೊಮ್ಮೆ ಓದು. ಎಲ್ಕ್‌ನ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗವನ್ನು ಹನ್ನೆರಡು ಇಂಚಿನ ವೃತ್ತ ಎಂದು ಹಿಡಿ. ಅದರ ನಡುವಿಗೆ ಗುರಿಯಿಟ್ಟರೆ 125 ಗಜದವರೆಗೆ ಯಾವ ಲೆಕ್ಕವೂ ಬೇಡ, ಗುಂಡು ಒಳಗೇ ಬೀಳುತ್ತದೆ. ಅದರಾಚೆಗೆ 25 ಗಜ ತಪ್ಪಾಗಿ ಅಂದಾಜಿಸಿದರೂ ಆರು ಇಂಚು ಹೋಯಿತು. ಎಲ್ಕ್ ಎಂದರೆ ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ. ಕಾಡಂಚಿನ ಹುಲ್ಲುಗಾವಲಿನಲ್ಲಿ ನಿಂತಾಗ ಆ ಗಾತ್ರಕ್ಕೆ ಕಣ್ಣು ಮೋಸಹೋಗುತ್ತದೆ, ಇನ್ನೂರು ಗಜದಲ್ಲಿರುವುದು ನೂರರಲ್ಲಿದ್ದ ಹಾಗೆ ಕಾಣುತ್ತದೆ. ಹಾಗಾಗಿ ದೂರ ಅಳೆಯಲು ಕೈಯಲ್ಲಿ ಹಿಡಿಯುವ ರೇಂಜ್‌ಫೈಂಡರ್‌ಗೆ ದುಡ್ಡು ಹಾಕು. ಮದ್ದಿಗೆ ಹಾಕುವುದಕ್ಕಿಂತ ಅದು ಲಾಭ.

ಸೈಟ್ ಎಷ್ಟು ಸರಿಸಬೇಕು? ಎರಡು ಸೈಟ್‌ಗಳ ನಡುವಿನ ಅಂತರವನ್ನು ಇಂಚಿನಲ್ಲಿ ಅಳೆ. ಅದನ್ನು ಗುಂಡು ತಪ್ಪಿದ ಇಂಚುಗಳಿಂದ ಗುಣಿಸು. ಗುರಿಯ ದೂರವನ್ನೂ ಇಂಚಿಗೆ ತಂದು ಅದರಿಂದ ಭಾಗಿಸು. ನಿನ್ನ ಸೈಟ್‌ಗಳ ಅಂತರ 25 ಇಂಚು ಎಂದರೆ, 50 ಗಜದಲ್ಲಿ, ಅಂದರೆ 1,800 ಇಂಚಿನಲ್ಲಿ, ಗುಂಡನ್ನು ಎರಡೂವರೆ ಇಂಚು ಮೇಲೆತ್ತಲು ಹಿಂದಿನ ಸೈಟನ್ನು 0.035 ಇಂಚು ಏರಿಸಬೇಕು. ಒಂದು ಮಿಲಿಮೀಟರ್ ಕೂಡ ಇಲ್ಲ. ಹಿಂದಿನ ಸೈಟ್ ಎತ್ತ ಸರಿಯುತ್ತದೋ ಗುಂಡೂ ಅತ್ತ, ಮುಂದಿನದು ಸರಿದರೆ ಅದಕ್ಕೆ ಎದುರು ದಿಕ್ಕಿಗೆ. ಸ್ಕ್ರೂವನ್ನು ಒಂದೊಂದು ಸುತ್ತು ತಿರುಗಿಸುವವರನ್ನು ನೋಡಿದ್ದೇನೆ. ಅವರ ಗುಂಡು ಒಮ್ಮೆ ನೆಲಕ್ಕೆ, ಒಮ್ಮೆ ಆಕಾಶಕ್ಕೆ.

ಇನ್ನೊಂದು ವಿಷಯ, ಹೆಚ್ಚಿನವರು ಗಮನಿಸದ್ದು. ಅಂಗಡಿಯಿಂದ ಬಂದ ಕೋವಿಯ ಮುಂದಿನ ಸೈಟಿನ ಮಣಿ ದಪ್ಪ. ಕಣ್ಣಿನಿಂದ 32 ಇಂಚು ದೂರದಲ್ಲಿರುವ 0.09 ಇಂಚಿನ ಮಣಿ 100 ಗಜದಲ್ಲಿ ಹತ್ತು ಇಂಚಿನ ಜಾಗವನ್ನು ಮುಚ್ಚಿಬಿಡುತ್ತದೆ, 150ರಲ್ಲಿ ಹದಿನೈದು ಇಂಚು. ನೀನು ಗುರಿಯಿಡಬೇಕಾದ ವೃತ್ತವೇ ಮಣಿಯ ಹಿಂದೆ ಅಡಗಿದ ಮೇಲೆ ಹತ್ತು ಇಂಚು ಮೇಲೆ ಹಿಡಿಯುವುದು ಎಲ್ಲಿಂದ? ತೆಳುವಾದ ಮುಂದಿನ ಸೈಟ್, ಹಿಂದೆ ಸಣ್ಣ ತೂತಿನ ಪೀಪ್ ಸೈಟ್ ಹಾಕಿಸು, ಅದಕ್ಕೆ ಇಲ್ಲಿ ಅನುಮತಿ ಇದೆ. ನಲವತ್ತು ದಾಟಿದ ಕಣ್ಣಾದರೆ ಇದು ಬೇಕೇ ಬೇಕು.

ನಿನ್ನ ತೆಂಗಿನಕಾಯಿ ಅನುಭವ ಟ್ರಿಗರ್ ಹಿಡಿತಕ್ಕೆ ಒಳ್ಳೆಯದು, ದೂರದ ಲೆಕ್ಕಕ್ಕೆ ಅಲ್ಲ. ಊರಿನ ಹಳೆಯ ಕೇಪಿನ (ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿಯ) ಕೋವಿಗೆ ಒಳತಿರುವೇ ಇರಲಿಲ್ಲ. ಚಿಲ್ಲು (ಸಣ್ಣ ಸೀಸದ ಕಾಳು) ತುಂಬಿ ಮೂವತ್ತು ಹೆಜ್ಜೆಯೊಳಗೆ ಹೊಡೆಯುವವರಿಗೆ ಗುಂಡು ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಚಕಮಕಿ:

ನಾನು ಪೆನ್ಸಿಲ್ವೇನಿಯಾದವನು. ಇಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕೋವಿಗೆಂದೇ ಪ್ರತ್ಯೇಕ ಸೀಸನ್ ಇದೆ. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಕೇಪು ನಡೆಯುವುದಿಲ್ಲ. ಮುದಿಕಡವೆಯವರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ, ಒಂದನ್ನು ಬಿಟ್ಟು. 50 ಗಜಕ್ಕೆ ಸೈಟ್ ಕೂಡಿಸುವುದು ತಪ್ಪೇನಲ್ಲ, ಗುಂಡು ಯಾವುದು ಎಂಬುದನ್ನು ನೋಡಬೇಕು.

ನನ್ನದು ಬಟ್ಟೆಯ ತುಂಡಿನಲ್ಲಿ ಸುತ್ತಿ ಜಡಿಯುವ .490 ಇಂಚಿನ ಉರುಟು ಗುಂಡು, 177 ಗ್ರೇನ್ ತೂಕ. ನಳಿಗೆಯ ತಿರುವು 66 ಇಂಚಿಗೆ ಒಂದು ಸುತ್ತು. ಉರುಟು ಗುಂಡಿಗೆ ಇಂಥ ನಿಧಾನದ ತಿರುವೇ ಹಿತ. ಹೊರಡುವಾಗ 1,800 ಅಡಿ ವೇಗವಿದ್ದರೂ ಗಾಳಿ ಅದನ್ನು ತಿಂದುಹಾಕುತ್ತದೆ. 100 ಗಜ ಮುಟ್ಟುವಷ್ಟರಲ್ಲಿ ಉಳಿಯುವುದು ಸಾವಿರ ಚಿಲ್ಲರೆ. 50ಕ್ಕೆ ಕೂಡಿಸಿದರೆ 75ರಲ್ಲಿ ಒಂದೂಕಾಲು ಇಂಚು ಕೆಳಗೆ, 100ರಲ್ಲಿ ನಾಲ್ಕೂವರೆ ಕೆಳಗೆ. ನಮ್ಮ ಕಾಡಿನಲ್ಲಿ ಅದಕ್ಕಿಂತ ದೂರ ಕಾಣುವುದೂ ಇಲ್ಲ, ಆ ಗುಂಡಿಗೆ ಅದರಾಚೆ ಜಿಂಕೆಯನ್ನು ಕೆಡಹುವ ಬಲವೂ ಉಳಿಯುವುದಿಲ್ಲ.

ಹಳೆಯ ಮಾದರಿಯ ಕೋವಿಗಳಲ್ಲಿ ಹಿಂದಿನ ಸೈಟ್‌ಗೆ ಸ್ಕ್ರೂ ಇರುವುದಿಲ್ಲ. ಮುಂದಿನ ಸೈಟಿನ ಪಟ್ಟಿಯನ್ನು ಬೇಕೆಂದೇ ಎತ್ತರವಾಗಿ ಬಿಟ್ಟಿರುತ್ತಾರೆ, ಅದನ್ನು ಅರದಿಂದ ಉಜ್ಜಿ ತಗ್ಗಿಸಿದಂತೆ ಗುಂಡು ಮೇಲೇರುತ್ತದೆ. ಎರಡು ಸಲ ಅರ ಎಳೆ, ಹೊಡೆದು ನೋಡು, ಮತ್ತೆ ಎರಡು ಸಲ. ಉಜ್ಜಿ ಹೋದ ಲೋಹ ತಿರುಗಿ ಬರುವುದಿಲ್ಲ, ಆದ್ದರಿಂದ ಮದ್ದಿನ ಅಳತೆ ನಿಶ್ಚಯವಾಗುವ ತನಕ ಅರ ಪೆಟ್ಟಿಗೆಯಲ್ಲೇ ಇರಲಿ.

ಕಿತ್ತಳೆತೋಟದವರೇ, ನಿಮಗೊಂದು ಪ್ರಶ್ನೆ: ಎರಡು ಗುಂಡುಗಳ ನಡುವೆ ನಳಿಗೆ ಒರೆಸುತ್ತೀರಾ? ಮಸಿ ಕಟ್ಟಿದ ನಳಿಗೆಯಲ್ಲಿ ಹೊಡೆದ ಐದನೇ ಗುಂಡನ್ನು ನೋಡಿ ಸೈಟ್ ತಿರುಗಿಸಿದರೆ, ಕಾಡಿನಲ್ಲಿ ಶುದ್ಧ ನಳಿಗೆಯಿಂದ ಹೊರಡುವ ಮೊದಲ ಗುಂಡು ಬೇರೆಲ್ಲಿಗೋ ಹೋದೀತು.

ಕಿತ್ತಳೆತೋಟ:

ಇಬ್ಬರಿಗೂ ಕೃತಜ್ಞತೆಗಳು. ಈಗ ಪ್ರತಿ ಗುಂಡಿನ ನಂತರವೂ ಒದ್ದೆ ಬಟ್ಟೆ ಒಮ್ಮೆ, ಒಣ ಬಟ್ಟೆ ಎರಡು ಸಲ ಹಾಯಿಸುತ್ತಿದ್ದೇನೆ. 85 ಗ್ರೇನ್ ಮತ್ತು ಉಣ್ಣೆಯ ಬಿಲ್ಲೆ ಹಾಕಿದಾಗ 100 ಗಜದಲ್ಲಿ ಮೂರು ತೂತುಗಳು ಕಾಫಿ ಲೋಟದ ಬಾಯಿಯೊಳಗೆ ಬಂದವು. 90ರಲ್ಲಿ ಇಷ್ಟು ಒಟ್ಟಾಗಿ ಕೂರುತ್ತಿರಲಿಲ್ಲ. ಹಿಂದಿನ ಸೈಟ್ ಏರಿಸಿದ ಮೇಲೆ 50ರಲ್ಲಿ ಎರಡೂವರೆಗಿಂತ ಒಂದು ಕೂದಲೆಳೆ ಮೇಲೆ. 125ರಲ್ಲಿ ಅಳೆದಾಗ ನಾಲ್ಕೂಕಾಲು ಇಂಚು ಕೆಳಗೆ.

ಎರಡು ಸಂದೇಹ ಉಳಿದಿವೆ. ಅಭ್ಯಾಸ ಮಾಡುವ ಮೈದಾನ ಐದು ಸಾವಿರ ಅಡಿ ಎತ್ತರದಲ್ಲಿದೆ, ಬೇಟೆಯ ಜಾಗ ಹತ್ತು ಸಾವಿರ ಅಡಿ. ತೆಳು ಗಾಳಿಗೆ ಸೈಟ್ ಬದಲಿಸಬೇಕೇ? ಮತ್ತೆ, ಕಡಿದಾದ ಇಳಿಜಾರಿನಲ್ಲಿ ಕೆಳಗೆ ನಿಂತ ಪ್ರಾಣಿಗೆ ಹೊಡೆಯುವಾಗ ಏನು ಮಾಡಬೇಕು?

ಮುದಿಕಡವೆ:

ಕಾಫಿ ಲೋಟದಗಲ ಸಾಕು, ಇನ್ನು ಮದ್ದಿನ ಡಬ್ಬಿ ಮುಟ್ಟಬೇಡ.

ಎತ್ತರದ ಚಿಂತೆ ಬಿಡು. ತೆಳು ಗಾಳಿಯಲ್ಲಿ ಗುಂಡು ತುಸು ಕಡಿಮೆ ಇಳಿಯುತ್ತದೆ ನಿಜ, ಆದರೆ ನಿನ್ನ ದೂರಕ್ಕೆ ಆ ವ್ಯತ್ಯಾಸ ಒಂದು ಇಂಚಿನೊಳಗೇ. ಹತ್ತು ಸಾವಿರ ಅಡಿಯಲ್ಲಿ ಏದುಸಿರು ಬಿಡುತ್ತ ಹೊಡೆದರೆ ಅದರ ಹತ್ತು ಪಟ್ಟು ತಪ್ಪುತ್ತದೆ. ಕುಳಿತು, ಊರುಗೋಲಿಗೆ ಕೋವಿ ಆನಿಸಿ ಹೊಡೆಯುವುದನ್ನು ಕಲಿ.

ಇಳಿಜಾರಿನಲ್ಲಿ ಗುಂಡನ್ನು ಕೆಳಗೆಳೆಯುವುದಕ್ಕೆ ಲೆಕ್ಕ ಬರುವುದು ನೇರ ಅಡ್ಡ ದೂರ, ಇಳಿಜಾರಿನ ಉದ್ದವಲ್ಲ. 30 ಡಿಗ್ರಿ ಇಳಿಜಾರಿನಲ್ಲಿ ರೇಂಜ್‌ಫೈಂಡರ್ 130 ಗಜ ತೋರಿಸಿದರೆ ಅದನ್ನು 113 ಗಜ ಎಂದು ತಿಳಿದು ಹೊಡೆ. ಮೇಲಕ್ಕೆ ಹೊಡೆಯುವಾಗಲೂ ಇದೇ ಲೆಕ್ಕ.

ಇಳಿಜಾರಿನಲ್ಲಿ ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಸೇಬೊ ಇಲ್ಲದ ಸೀಸದ ಗುಂಡು ನಳಿಗೆಯನ್ನು ಗಟ್ಟಿಯಾಗಿ ಕಚ್ಚಿ ಹಿಡಿದಿರುವುದಿಲ್ಲ. ಕೋವಿಯ ಬಾಯಿ ಕೆಳಗೆ ಮಾಡಿ ಅರ್ಧ ದಿನ ನಡೆದರೆ, ಜೀಪಿನಲ್ಲಿ ಕುಲುಕಿದರೆ, ಅದು ಮದ್ದು ಬಿಟ್ಟು ಮುಂದಕ್ಕೆ ಜಾರಬಹುದು. ನಡುವೆ ಖಾಲಿ ಜಾಗ ಉಳಿದು ಮದ್ದು ಹೊತ್ತಿಕೊಂಡರೆ ನಳಿಗೆ ಉಬ್ಬುತ್ತದೆ, ಸೀಳಿಯೂ ಹೋಗಬಹುದು. ಮನೆಯಲ್ಲೇ ಸರಿಯಾಗಿ ಈಡು ತುಂಬಿ, ಜಡಿಯುವ ಸರಳು ನಳಿಗೆಯ ಬಾಯಿಗೆ ಸಮನಾಗುವಲ್ಲಿ ಚಾಕುವಿನಿಂದ ಗೀರು ಹಾಕಿಕೋ. ಕಾಡಿನಲ್ಲಿ ಆಗಾಗ ಕೇಪು ತೆಗೆದು, ಸರಳು ಇಳಿಸಿ ಗೀರು ನೋಡು. ಗೀರು ಮೇಲೆ ಬಂದಿದ್ದರೆ ಗುಂಡು ಜಾರಿದೆ, ಮತ್ತೆ ಒತ್ತಿ ಕೂಡಿಸು. ಪ್ರತಿ ಸಲ ಒಂದೇ ಬಲದಲ್ಲಿ ಒತ್ತು, ಒತ್ತಡ ಬದಲಾದರೆ ವೇಗವೂ ಬದಲಾಗುತ್ತದೆ. ಸೆಪ್ಟೆಂಬರಿನ ಮಧ್ಯಾಹ್ನ ಅಲ್ಲಿ ಗುಡುಗು ಮಳೆ ಮಾಮೂಲು. ನಳಿಗೆಯ ಬಾಯಿಗೆ ಒಂದು ತುಂಡು ಇನ್ಸುಲೇಶನ್ ಟೇಪ್ ಅಂಟಿಸು. ಗುಂಡು ಮುಂದಕ್ಕೆ ತಳ್ಳುವ ಗಾಳಿಯೇ ಅದನ್ನು ಹಾರಿಸುತ್ತದೆ, ಗುರಿ ಕೆಡುವುದಿಲ್ಲ.

ಕಿತ್ತಳೆ ಬಣ್ಣದ ಟೊಪ್ಪಿ, ಜಾಕೆಟ್ ಮರೆಯಬೇಡ. ಮಝಲ್‌ಲೋಡರ್ ಬೇಟೆಗಾರರಿಗೂ ಅದು ಕಡ್ಡಾಯ. ಗುಂಡು ಹಾರಿದೊಡನೆ ಹೊಗೆ ಕಣ್ಣಿಗೆ ಅಡ್ಡ ಬರುತ್ತದೆ, ಪ್ರಾಣಿ ಎತ್ತ ಓಡಿತೆಂದು ಕಾಣುವುದಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡು, ಅದು ನಿಂತಿದ್ದ ಜಾಗಕ್ಕೊಂದು ಮರದ ಗುರುತು ಹಿಡಿದುಕೋ, ಆಮೇಲೆ ಮರು ಈಡು ತುಂಬು.